ಬೇಟೆಯ ಕಥನ ಮತ್ತು ಪಾಲಿನ ಲೆಕ್ಕ

ಬೇಟೆಯನ್ನು ಕುರಿತ ಕನ್ನಡ ಪುಸ್ತಕಗಳನ್ನು ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದ ಸಂಶೋಧಕನಿಗೆ ಅವು ಒಂದೇ ಕಡೆ ದೊರೆಯುವುದಿಲ್ಲ. ಕೆಲವು ಸಾಹಸಕಥೆಗಳ ಕಪಾಟಿನಲ್ಲಿರುತ್ತವೆ. ಕೆಲವು ಮಕ್ಕಳ ಸಾಹಿತ್ಯದಲ್ಲಿ, ಕೆಲವು ಅನುವಾದಗಳ ಸಾಲಿನಲ್ಲಿ, ಇನ್ನು ಕೆಲವು ಪರಿಸರ ವಿಜ್ಞಾನದ ಅಡಿಯಲ್ಲಿ ಸೇರಿಕೊಂಡಿರುತ್ತವೆ. ಜಾನಪದದ ಕಪಾಟಿನಲ್ಲಿ ಮಾತ್ರ ಅವು ಕಾಣಿಸುವುದು ಅಪರೂಪ. ಇದು ಗ್ರಂಥಪಾಲಕರ ತಪ್ಪಲ್ಲ. ಬೇಟೆಯ ಬರವಣಿಗೆಯನ್ನು ನಮ್ಮ ವಿಮರ್ಶೆಯೂ ‘ಸಾಹಸ ಸಾಹಿತ್ಯ’ವೆಂದೇ ಗುರುತಿಸಿಕೊಂಡು ಬಂದಿದೆ. ಎದೆಗಾರಿಕೆ, ಗುರಿ, ಅಪಾಯ, ಕೊನೆಗೆ ಮೃಗದ ಪತನ ಎಂಬ ಚೌಕಟ್ಟಿನಲ್ಲಿಟ್ಟು ಅದನ್ನು ಓದಿ, ಮೆಚ್ಚಿ, ಬದಿಗಿಟ್ಟಿದ್ದೇವೆ.

ಒಬ್ಬ ಮನುಷ್ಯ, ಒಂದು ಕೋವಿ, ಒಂದು ಮೃಗ ಎಂಬ ಈ ಚೌಕಟ್ಟು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಶಿಕಾರಿ ಪುಸ್ತಕಗಳ ಮೂಲಕ ನಮ್ಮಲ್ಲಿ ನೆಲೆಯೂರಿದುದು ಎಂಬುದು ನನ್ನ ಅಭಿಪ್ರಾಯ. ನಮ್ಮ ಹಳ್ಳಿಗಳಲ್ಲಿ ಬೇಟೆಯ ಮಾತು ಮೃಗ ಬಿದ್ದಲ್ಲಿಗೆ ಮುಗಿಯುವುದಿಲ್ಲ. ಪಾಲು ಹಾಕಿದಲ್ಲಿಗೆ ಮುಗಿಯುತ್ತದೆ. ಯಾರು ಜಾಡು ಹಿಡಿದರು, ಯಾರ ನಾಯಿ ತಡೆದು ನಿಲ್ಲಿಸಿತು, ಯಾರ ಗದ್ದೆಯ ಅಂಚಿನಲ್ಲಿ ಬಿತ್ತು, ಯಾರು ಹೊತ್ತು ತಂದರು ಎಂಬ ಲೆಕ್ಕವೆಲ್ಲ ಒಪ್ಪಿತವಾದ ಮೇಲೆಯೇ ಕಥೆ ಕಥೆಯಾಗುತ್ತದೆ. ಆದ್ದರಿಂದ ಬೇಟೆಯ ಯಾವ ಕಥನವನ್ನಾದರೂ ಅಳೆಯಬೇಕಾದುದು ಅದರ ರೋಮಾಂಚನದಿಂದಲ್ಲ, ಅದು ಪಾಲನ್ನು ಹೇಗೆ ಹಂಚುತ್ತದೆ ಎಂಬುದರಿಂದ. ಇಲ್ಲಿ ಪಾಲು ಎಂದರೆ ಮಾಂಸದ ಪಾಲು ಮಾತ್ರವಲ್ಲ, ಹೆಸರಿನ ಪಾಲೂ ಹೌದು. ಒಂದು ಕಲ್ಬರಹ, ಕೆಲವು ಅಚ್ಚಿನ ಪುಸ್ತಕಗಳು ಹಾಗೂ ಕೆಲವು ಆಚರಣೆಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಮಲೆನಾಡಿನ ಹಂದಿಬೇಟೆಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬಹುದು. ನಾಯಿಗಳನ್ನು ಬಿಟ್ಟುಕೊಂಡು ಹಳು ನುಗ್ಗುವವರು ಒಂದು ಗುಂಪು. ಮೃಗ ಹಾಯುವ ದಾರಿಯನ್ನು ಊಹಿಸಿ ಕೋವಿ ಹಿಡಿದು ಬಿಲ್ಲಿಗೆ ಕೂರುವವರು ಇನ್ನೊಂದು ಗುಂಪು. ಒಂಟಿಯಾಗಿ ಮರದ ಮೇಲೆ ಕಾದು ಹೊಡೆಯುವ ಮರಸು ಬೇಟೆ ಇದ್ದರೂ ಊರಿನ ಮಾತಿನಲ್ಲಿ ಅದಕ್ಕೆ ಅಷ್ಟು ಗೌರವವಿಲ್ಲ. ಹಳುವಿನ ಬೇಟೆಯಲ್ಲಿ ಕೂಗು, ಕೋಲಿನ ಸದ್ದು, ನಾಯಿಯ ಬೊಗಳಿನ ಬದಲಾವಣೆ ಇವೆಲ್ಲ ಸಂಕೇತಗಳು. ನಾಯಿ ಬರಿದೆ ಬೊಗಳುವುದಕ್ಕೂ ಮೃಗವನ್ನು ಅಡ್ಡಗಟ್ಟಿ ಬೊಗಳುವುದಕ್ಕೂ ಇರುವ ವ್ಯತ್ಯಾಸವನ್ನು ಕಾಡಿನ ಅಂಚಿನವರು ಕಣ್ಣುಮುಚ್ಚಿ ಹೇಳಬಲ್ಲರು. ಈಡು ಬಿದ್ದ ಮೇಲೆ ಈಡುಗಾರನಿಗೆ ಹೆಚ್ಚಿನ ಪಾಲು, ಕೋವಿ ಎರವಲಿನದಾಗಿದ್ದರೆ ಕೋವಿಗೂ ಒಂದು ಪಾಲು, ನಾಯಿಗೆ ಪಾಲು, ಹಳು ನುಗ್ಗಿದವರಿಗೆ ತಲೆಗೊಂದರಂತೆ ಪಾಲು. ಈ ನಿಯಮಗಳು ಊರಿಂದೂರಿಗೆ ಬೇರೆಯಾಗುತ್ತವೆ. ತಲೆ ಯಾರಿಗೆ, ತೊಡೆ ಯಾರಿಗೆ ಎಂಬುದಕ್ಕೆ ಒಂದು ಊರಿನಲ್ಲಿ ಸಂಪ್ರದಾಯವಾದುದು ಪಕ್ಕದ ಊರಿನಲ್ಲಿ ಜಗಳಕ್ಕೆ ಕಾರಣ. ಆದರೆ ಪಾಲಿಲ್ಲದ ಬೇಟೆ ಎಲ್ಲಿಯೂ ಇಲ್ಲ. ಗುಟ್ಟಾಗಿ ಹೊಡೆದು ಒಬ್ಬನೇ ತಿಂದವನನ್ನು ಊರು ಬೇಟೆಗಾರನೆಂದು ಕರೆಯುವುದಿಲ್ಲ, ಕಳ್ಳನೆಂದು ಕರೆಯುತ್ತದೆ.

ಇದನ್ನು ಸಮಾನತೆಯ ಚಿತ್ರವೆಂದು ಕೊಂಡಾಡುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ನಾನು ಅದನ್ನು ಒಪ್ಪಲಾರೆ. ಪಾಲು ಎಂದರೆ ಸಮಪಾಲಲ್ಲ. ಕೋವಿ ಇದ್ದುದು ಜಮೀನಿದ್ದವರ ಮನೆಯಲ್ಲಿ. ಮುಳ್ಳು ಗೀರಿಸಿಕೊಂಡು, ಗಾಯಗೊಂಡ ಹಂದಿಯ ಕೋರೆಗೆ ಎದುರಾಗಿ ಹಳು ನುಗ್ಗುತ್ತಿದ್ದವರು ಆ ಮನೆಯ ಆಳುಗಳು. ಮಾಂಸದ ರಾಶಿಯ ಮುಂದೆ ಜಾತಿಯ ಏಣಿ ಇಳಿದುಹೋಗುತ್ತಿರಲಿಲ್ಲ. ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಪಾಲು ಹಾಕುವಾಗ ಪ್ರತಿಯೊಬ್ಬನ ಕೆಲಸವನ್ನೂ ಬಾಯಿಬಿಟ್ಟು ಹೇಳಲೇಬೇಕಾಗಿತ್ತು. ಕಡಿಮೆ ಕೊಡಬಹುದಾಗಿತ್ತು, ಇವನು ಇರಲೇ ಇಲ್ಲ ಎನ್ನುವಂತಿರಲಿಲ್ಲ.

ಹೀಗೆ ಹೆಸರು ಹೇಳಬೇಕಾದ ಒತ್ತಾಯ ಎಷ್ಟು ಹಳೆಯದು ಎಂಬುದಕ್ಕೆ ಆತಕೂರಿನ ಶಾಸನಕ್ಕಿಂತ ಉತ್ತಮ ಸಾಕ್ಷ್ಯ ಇನ್ನೊಂದಿಲ್ಲ. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ, ಶಕವರ್ಷ 872ರ, ಅಂದರೆ ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸಕಾರರಿಗೆ ಇದು ಮುಖ್ಯವಾಗಿರುವುದು ತಕ್ಕೋಲದ ಯುದ್ಧದ ಕಾರಣಕ್ಕೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಹಾಗೂ ಗಂಗರ ಬೂತುಗ ಒಂದಾಗಿ ಚೋಳ ರಾಜಾದಿತ್ಯನನ್ನು ಸೋಲಿಸಿ ಕೊಂದ ಸಂಗತಿ ಇದರಲ್ಲಿದೆ. ಆದರೆ ಕಲ್ಲು ನಿಂತಿರುವುದು ಆ ಯುದ್ಧಕ್ಕಾಗಿ ಅಲ್ಲ. ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಬೂತುಗ ಮೆಚ್ಚಿ, ಬೇಕಾದುದನ್ನು ಕೇಳಿಕೊ ಎಂದಾಗ ಅವನು ಕೇಳಿದ್ದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಪೂಜೆಗೆಂದು ಭೂಮಿ ಬಿಡಲಾಯಿತು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಲಾಗಿದೆ.

ಈ ಶಾಸನದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದುದು ಅದರ ಕೊನೆಯ ಭಾಗ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಸಾಮಾನ್ಯವಾಗಿ ಶಾಪಾಶಯದ ವಾಕ್ಯಗಳಲ್ಲಿ ಗೋಹತ್ಯೆಯ, ಬ್ರಹ್ಮಹತ್ಯೆಯ ಪಾಪ ಬರುತ್ತದೆ. ಇಲ್ಲಿ ಬಂದಿರುವುದು ನಾಯಿಯ ಪಾಪ. ಅಂದರೆ ಕಾಳಿ ಕೊಂದಿತು, ಕೊಂದದ್ದು ಪಾಪವೇ, ಆದರೂ ಅದು ಪೂಜೆಗೆ ಅರ್ಹ ಎಂಬ ಮೂರೂ ಮಾತುಗಳನ್ನು ಕಲ್ಲು ಒಟ್ಟಿಗೆ ಹೇಳುತ್ತಿದೆ. ಉಣ್ಣುವುದಕ್ಕೆ ಮೊದಲು ನೆನೆಯಬೇಕು ಎಂಬ ಕಟ್ಟಳೆಯನ್ನು ವಿಧಿಸುತ್ತಿದೆ. ಪಾಲು ಹಾಕುವ ಮುನ್ನ ಹೆಸರು ಹೇಳುವ ಹಳ್ಳಿಯ ಕ್ರಮಕ್ಕೂ ಇದಕ್ಕೂ ನೇರ ಸಂಬಂಧವಿದೆಯೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಸಾವಿರ ವರ್ಷಗಳ ಅಂತರವನ್ನು ಹಾಗೆ ಒಂದೇ ಜಿಗಿತಕ್ಕೆ ದಾಟಬಾರದು. ಆದರೂ ಎರಡೂ ಕಡೆ ಉಣ್ಣುವುದಕ್ಕೂ ನೆನೆಯುವುದಕ್ಕೂ ಗಂಟು ಬಿದ್ದಿದೆ ಎಂಬುದು ಗಮನಾರ್ಹ.

ಪಂಪನ ‘ವಿಕ್ರಮಾರ್ಜುನ ವಿಜಯ’ ಇದೇ ಕಾಲದ್ದು. ಅದರಲ್ಲಿ ಬರುವ ಬೇಂಟೆಯ ವರ್ಣನೆ ಬೇಟೆಗಾರರ ಪರಿಭಾಷೆಯನ್ನು ಬಲ್ಲವನು ಬರೆದದ್ದು. ಪುಸ್ತಕ ನೋಡಿ ಬರೆದ ವರ್ಣನೆಯಲ್ಲ. ಆದರೆ ಅಲ್ಲಿ ಬೇಟೆ ನಾಯಕನ ಲೀಲೆ. ಪಾಲಿನ ಮಾತು ಅಲ್ಲಿಗೆ ಹೊಂದುವುದೂ ಇಲ್ಲ. ಎರಡು ಶತಮಾನಗಳ ನಂತರ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯೆಯೂ ಮೀನು ಹಿಡಿಯುವುದೂ ಅರಸನ ವಿನೋದಗಳ ಪಟ್ಟಿಯಲ್ಲಿ ಶಾಸ್ತ್ರವಾಗಿ ನಿಂತವು. ಕಾವ್ಯ ಹಾಗೂ ಶಾಸ್ತ್ರಗಳಲ್ಲಿ ಕಾಣದ ನಾಯಿಯ ಹೆಸರು ಶಾಸನದಲ್ಲಿ ಕಾಣುತ್ತದೆ. ಬೇಟೆಯ ಅಧ್ಯಯನಕ್ಕೆ ಕಾವ್ಯಗಳಷ್ಟನ್ನೇ ಆಧರಿಸುವವರು ಇದನ್ನು ಮರೆಯಬಾರದು.

ಇನ್ನು ಅಚ್ಚಿನ ಪುಸ್ತಕಗಳು. ಮೈಸೂರು ಸೀಮೆಯ ಮಟ್ಟಿಗೆ ಈ ಪರಂಪರೆಯ ಮುಖ್ಯ ಹೆಸರು ಜಿ. ಪಿ. ಸ್ಯಾಂಡರ್ಸನ್. ಚಾಮರಾಜನಗರದ ಸೀಮೆಯಲ್ಲಿ ನೆಲೆಸಿ, 1874ರಲ್ಲಿ ಖೆಡ್ಡಾ ಕ್ರಮದಿಂದ ಆನೆಗಳನ್ನು ಹಿಡಿಯುವುದರಲ್ಲಿ ಯಶಸ್ವಿಯಾದ ಈತ ತನ್ನ ಹದಿಮೂರು ವರ್ಷಗಳ ಅನುಭವವನ್ನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಆನೆಯ ಸ್ವಭಾವದ ಬಗ್ಗೆ ಅದರಲ್ಲಿರುವ ಸೂಕ್ಷ್ಮ ನಿರೀಕ್ಷಣೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಖೆಡ್ಡಾ ಎಂಬುದು ನೂರಾರು ಜನರ ದುಡಿಮೆ. ಕಂದಕ ತೋಡಿದವರು, ರಾತ್ರಿಯಿಡೀ ಬೆಂಕಿ ಕಾದವರು, ಆನೆಯ ಹಿಂಡನ್ನು ಸುತ್ತುಗಟ್ಟಿ ತಂದವರು ಇಲ್ಲದೆ ಅದು ನಡೆಯದು. 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆಯುವವರೆಗೆ, ಸುಮಾರು ನೂರು ವರ್ಷ, ಈ ದುಡಿಮೆಯ ಬಹುಭಾಗವನ್ನು ಹೊತ್ತವರು ಕಾಡಿನ ಕುರುಬರೂ ಸುತ್ತಣ ಹಳ್ಳಿಗರೂ. ನಮಗೆ ಉಳಿದಿರುವುದು ಹಿಡಿಸಿದವರ ಹೆಸರು, ನೋಡಲು ಬಂದ ಗಣ್ಯರ ಹೆಸರು ಹಾಗೂ ಹಿಡಿದ ಆನೆಗಳ ಸಂಖ್ಯೆ.

ಕೆನೆತ್ ಆ್ಯಂಡರ್ಸನ್ (1910-1974) ಇದಕ್ಕೆ ಭಾಗಶಃ ಅಪವಾದ. ಬೆಂಗಳೂರಿನಲ್ಲಿ ಬಾಳಿ, ಇಲ್ಲಿಯೇ ತೀರಿಕೊಂಡ ಈತನ ಮೊದಲ ಪುಸ್ತಕ 1954ರಲ್ಲಿ ಬಂದಿತು. ಒಂಬತ್ತು ನರಭಕ್ಷಕಗಳು ಮತ್ತು ಒಂದು ಪುಂಡಾನೆಯ ಕಥೆ ಎಂದು ಹೇಳಿಕೊಳ್ಳುವ ಆ ಪುಸ್ತಕದಲ್ಲಿ ಒಂದು ಅಧ್ಯಾಯಕ್ಕೆ ಮೃಗದ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ. ಬೈರ ಎಂಬ ಪೂಜಾರಿಯ ಹೆಸರಿದೆ. ಕಾಡನ್ನು ತನಗೆ ಕಲಿಸಿದವನು ಬೈರ ಎಂಬ ಕೃತಜ್ಞತೆ ಆ ಬರಹದಲ್ಲಿ ಪ್ರಾಮಾಣಿಕವಾಗಿಯೇ ಇದೆ. ರಂಗ ಎಂಬ ಇನ್ನೊಬ್ಬ ಸಂಗಾತಿಯೂ ಮತ್ತೆ ಮತ್ತೆ ಬರುತ್ತಾನೆ. ಹೆಸರಿನ ಪಾಲು ಇಲ್ಲಿ ಸಂದಿದೆ. ಆದರೆ ಮಾತಿನ ಪಾಲು ಸಂದಿಲ್ಲ. ಬೈರನು ತನ್ನ ನುಡಿಯಲ್ಲಿ ಆಡಿದ್ದು ಇಂಗ್ಲಿಷಿನ ಚೌಕಟ್ಟಿಗೆ ಇಳಿಯುವಾಗ ಅವನ ತಿಳಿವಳಿಕೆ ಅನುಭವಿಗಳ ಜ್ಞಾನವಾಗಿ ಕಾಣದೆ ಕಾಡುಜನರ ಸಹಜ ಪ್ರವೃತ್ತಿಯಂತೆ ಕಾಣತೊಡಗುತ್ತದೆ. ಸೊಪ್ಪಿನ ಮುರಿತ, ಹೆಜ್ಜೆಯ ಅಂಚಿನ ತೇವ, ಮುಸುವದ ಎಚ್ಚರಿಕೆಯ ಕೂಗು ಇವುಗಳಿಂದ ತೀರ್ಮಾನಕ್ಕೆ ಬರುವುದು ಒಂದು ತರ್ಕ. ಹಂತಹಂತವಾಗಿ ಕಲಿಯಬೇಕಾದ, ತಪ್ಪಿದರೆ ಪ್ರಾಣ ಹೋಗುವ ತರ್ಕ. ಅದನ್ನು ಪ್ರವೃತ್ತಿ ಎನ್ನುವುದು ಹೊಗಳಿಕೆಯಂತೆ ಕೇಳಿದರೂ ಪಾಲನ್ನು ಕಸಿಯುವ ಮಾತೇ.

ಈ ಕಾರಣದಿಂದ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯನ್ನು ಕೇವಲ ಅನುವಾದವೆಂದು ನೋಡುವುದು ಸಾಲದು. ಹಳ್ಳಿಗರು ಕನ್ನಡದಲ್ಲಿಯೋ ನೆರೆಯ ನುಡಿಗಳಲ್ಲಿಯೋ ಆಡಿದ್ದನ್ನು ಆ್ಯಂಡರ್ಸನ್ ಇಂಗ್ಲಿಷಿಗೆ ಒಯ್ದ. ತೇಜಸ್ವಿಯವರು ಅದನ್ನು ಮರಳಿ ಊರಿಗೆ ತಂದರು. ಇದು ಅನುವಾದದ ಇತಿಹಾಸದಲ್ಲಿಯೇ ವಿಚಿತ್ರವಾದ ಮರುಪ್ರಯಾಣ. ಶೀರ್ಷಿಕೆಗಳನ್ನೇ ಗಮನಿಸಬಹುದು. ‘ಬೆಳ್ಳಂದೂರಿನ ನರಭಕ್ಷಕ’ ಎಂಬಲ್ಲಿ ಸಂಸ್ಕೃತದ ಸಮಾಸವಿದೆ. ‘ಪೆದ್ದಚೆರುವಿನ ರಾಕ್ಷಸ’ ಎಂಬಲ್ಲಿ ಪುರಾಣದ ನೆನಪಿದೆ. ‘ಜಾಲಹಳ್ಳಿಯ ಕುರ್ಕ’ ಎಂಬಲ್ಲಿಗೆ ಬಂದಾಗ ನಾವು ಹಳ್ಳಿಯ ಹಟ್ಟಿಗೆ ಬಂದಿರುತ್ತೇವೆ. ಇಂಗ್ಲಿಷಿನಲ್ಲಿ ಅದು ಬರಿಯ ಕೊಲೆಗಾರ ಪ್ರಾಣಿ. ಕುರ್ಕ ಎಂದಾಗ ರಾತ್ರಿ ಹಟ್ಟಿಗೆ ನುಗ್ಗಿ ಕುರಿಯನ್ನೋ ನಾಯಿಯನ್ನೋ ಹೊತ್ತೊಯ್ಯುವ, ಅಜ್ಜಿಯರು ಮಕ್ಕಳನ್ನು ಹೆದರಿಸಲು ಬಳಸುವ ಪರಿಚಿತ ಪ್ರಾಣಿ. ಭಯ ಕಡಿಮೆಯಾಗಲಿಲ್ಲ, ಅದು ಊರಿನವರ ಭಯವಾಯಿತು. ಭಾವಾನುವಾದ ಎಂಬ ಪದವನ್ನು ನಾವು ಸಾಮಾನ್ಯವಾಗಿ ಸಡಿಲವಾಗಿ ಬಳಸುತ್ತೇವೆ. ಇಲ್ಲಿ ಅದಕ್ಕೆ ಖಚಿತವಾದ ಕೆಲಸವಿದೆ.

ಆದರೂ ‘ನಾನು’ ಎಂಬ ಸರ್ವನಾಮ ಕೋವಿ ಹಿಡಿದವನದೇ ಆಗಿ ಉಳಿಯುತ್ತದೆ. ಮೂಲದ ಈ ಬಿಗಿಯನ್ನು ಅನುವಾದ ಸಡಿಲಿಸಲಾರದು. ಅದನ್ನು ಸಡಿಲಿಸಿದ್ದು ತೇಜಸ್ವಿಯವರ ಸ್ವಂತ ಕೃತಿ, 1980ರ ‘ಕರ್ವಾಲೊ’. ಆ ಕಾದಂಬರಿಯನ್ನು ವಿಜ್ಞಾನ, ವಿಕಾಸವಾದ, ಕಾಲದ ಕಲ್ಪನೆ ಎಂದೆಲ್ಲ ಸಾಕಷ್ಟು ಚರ್ಚಿಸಲಾಗಿದೆ. ಆದರೆ ಅದರ ಕಟ್ಟಡ ಒಂದು ಬೇಟೆಯ ಕಟ್ಟಡ ಎಂಬುದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಜಾಡು ಬಲ್ಲ ಮಂದಣ್ಣ, ಬಿರಿಯಾನಿ ಕರಿಯಪ್ಪ, ನಾಯಿ ಕಿವಿ, ಕ್ಯಾಮೆರಾ ಹಿಡಿದ ಪ್ರಭಾಕರ, ವಿಜ್ಞಾನಿ ಕರ್ವಾಲೊ, ಕಥೆ ಹೇಳುವ ತೋಟದವನು ಎಲ್ಲರೂ ಸೇರಿ ಹಾರುವ ಓತಿಯ ಬೆನ್ನು ಹತ್ತುವುದು ಹಳುವಿನ ಬೇಟೆಯ ತಂಡದಂತೆಯೇ. ಬಿಲ್ಲಿಗೆ ಕೂತವನು ಇಲ್ಲಿ ವಿಜ್ಞಾನಿ. ಆದರೆ ಮಂದಣ್ಣನಿಲ್ಲದೆ ತನ್ನ ವಿದ್ಯೆ ಕುರುಡು ಎಂಬುದು ಆ ವಿಜ್ಞಾನಿಗೆ ಗೊತ್ತು. ಊರು ಯಃಕಶ್ಚಿತ್ ಎಂದುಕೊಂಡವನನ್ನು ಅವನು ಸಹೋದ್ಯೋಗಿಯಂತೆ ನಡೆಸಿಕೊಳ್ಳುತ್ತಾನೆ. ಕೊನೆಗೆ ಓತಿ ಪ್ರಪಾತದ ಮೇಲೆ ತೇಲಿ ಕೈತಪ್ಪಿಹೋಗುತ್ತದೆ. ಹಂಚಲು ಮಾಂಸವಿಲ್ಲ, ತೋರಿಸಲು ಚರ್ಮವಿಲ್ಲ. ಕಂಡದ್ದು ಎಲ್ಲರಿಗೂ ಸಮನಾಗಿ ಸಿಕ್ಕಿದ ಪಾಲು.

ಕುವೆಂಪು ಅವರಲ್ಲಿ ಈ ಪ್ರಶ್ನೆ ಇನ್ನೂ ಕಠಿಣವಾದ ರೂಪ ತಾಳುತ್ತದೆ. 1933ರ ‘ಮಲೆನಾಡಿನ ಚಿತ್ರಗಳು’ ಕೃತಿಯ ಬೇಟೆಯ ಪ್ರಸಂಗಗಳಲ್ಲಿ ‘ನಾವು’ ಎಂಬ ಬಹುವಚನವಿದೆ, ನಗೆಯಿದೆ, ಮನೆಯ ಹಿರಿಯರ ಹಿಂದೆ ಕಾಡು ಹೊಕ್ಕ ಹುಡುಗರ ಉತ್ಸಾಹವಿದೆ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ ಬರುವಷ್ಟರಲ್ಲಿ ಕಥನದ ಕಣ್ಣು ಹಳು ನುಗ್ಗುವವರ ಕಡೆಗೆ ತಿರುಗಿದೆ. ಜೀತದ ಆಳು ಗುತ್ತಿಗೆ ಊರು ಇಟ್ಟ ಹೆಸರು ನಾಯಿಗುತ್ತಿ. ಅದು ಹೀಯಾಳಿಕೆ, ಆದರೆ ಅವನ ನಾಯಿ ಹುಲಿಯನ ಘನತೆಯ ಮುಂದೆ ಆ ಹೀಯಾಳಿಕೆ ನಿಲ್ಲುವುದಿಲ್ಲ. ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋಗುವ ಪ್ರಸಂಗವನ್ನು ಓದುವಾಗಲೆಲ್ಲ ನನಗೆ ಆತಕೂರಿನ ಕಲ್ಲು ನೆನಪಾಗುತ್ತದೆ. ಕಾಳಿಗೆ ಕಲ್ಲು ನೆಡಿಸಲು ಮಣಲೆರನಂಥ ಒಡೆಯನಿದ್ದ. ಹುಲಿಯನ ಒಡೆಯನಿಗೆ ನೆಡಿಸಲು ನೆಲವೇ ಇರಲಿಲ್ಲ. ಕಾದಂಬರಿಯ ಕೊನೆಯ ಪುಟಗಳನ್ನೇ ಆ ವೀರಗಲ್ಲಾಗಿ ಓದಬಹುದು. ಇದು ವಿಮರ್ಶಕನ ಕಲ್ಪನೆಯೆನಿಸಿದರೆ ಓದುಗರು ಕ್ಷಮಿಸಬೇಕು.

ಯಶವಂತ ಚಿತ್ತಾಲರ ‘ಶಿಕಾರಿ’ (1979) ಬೇಟೆಯನ್ನು ಮುಂಬಯಿಯ ಕಚೇರಿಗೆ ತಂದದ್ದು ಬೇರೊಂದು ಪ್ರಬಂಧದ ವಿಷಯ. ದಕ್ಷಿಣ ಕನ್ನಡದ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಕೃತಿಗೆ ಮಾತ್ರ ಜಾನಪದ ಅಧ್ಯಯನಗಳಲ್ಲಿ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಹುಲಿಯ ವಿಷಯಕ್ಕೆ ಬಂದಾಗ ಪಾಲಿನ ಲೆಕ್ಕ ಬದಲಾಗುತ್ತದೆ. ಹುಲಿ ತಿನ್ನುವ ಮೃಗವಲ್ಲ; ಹಂಚಬೇಕಾದುದು ಅದರ ಮಾಂಸವಲ್ಲ, ಕೊಂದ ಭಾರ. ಕೊಡಗಿನ ‘ನರಿ ಮಂಗಲ’ ಇದಕ್ಕೆ ನಿದರ್ಶನ. ಕೊಡವ ನುಡಿಯಲ್ಲಿ ನರಿ ಎಂದರೆ ಹುಲಿ. ಕನ್ನಡದ ನರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದವರಿಗೆ ಇಡೀ ಆಚರಣೆ ಹಾಸ್ಯವಾಗಿ ಕಂಡೀತು. ಹುಲಿಯನ್ನು ಕೊಂದವನನ್ನು ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯ ಪಕ್ಕದಲ್ಲಿ ಕೂರಿಸಿ, ನೆಂಟರೂ ಊರವರೂ ಅಕ್ಕಿ ಹಾಕಿ ಹರಸಿ ಕಾಣಿಕೆ ಕೊಡುವ ಈ ಸಂಪ್ರದಾಯದ ನೆನಪು ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಂಥ ಸಂಗ್ರಹದಿಂದ ನಮ್ಮವರೆಗೆ ಬಂದಿದೆ. ಇದನ್ನು ವೀರನ ಸನ್ಮಾನವೆಂದಷ್ಟೇ ವಿವರಿಸುವುದು ವಾಡಿಕೆ. ಸನ್ಮಾನಕ್ಕೆ ಮದುವೆಯ ರೂಪವೇಕೆ ಎಂಬ ಪ್ರಶ್ನೆಗೆ ಆ ವಿವರಣೆಯಲ್ಲಿ ಉತ್ತರವಿಲ್ಲ. ಮದುವೆ ಎರಡು ಕುಲಗಳನ್ನು ನಂಟಿಗೆ ತರುತ್ತದೆ. ಕೊಂದವನಿಗೂ ಸತ್ತುದಕ್ಕೂ ನಡುವೆ ಉಳಿದ ಹಗೆಯನ್ನು ನಂಟಿನಿಂದ ಕಟ್ಟಿಹಾಕುವ ಪ್ರಯತ್ನ ಇದಾಗಿರಬಹುದು. ಅಕ್ಕಿ ಹಾಕಿದ ಪ್ರತಿಯೊಬ್ಬನೂ ಆ ನಂಟಿಗೆ ಸಾಕ್ಷಿ.

ಮಲೆ ಮಾದೇಶ್ವರನ ಕಾವ್ಯದಲ್ಲಿ ಹುಲಿ ದೇವರ ವಾಹನ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿವೀರಪ್ಪ ಪೂಜೆಗೊಳ್ಳುವ ದೈವ. ತುಳುನಾಡಿನಲ್ಲಿ ಹುಲಿ ಪಿಲಿಚಾಮುಂಡಿಯಾಗಿ, ಹಂದಿ ಪಂಜುರ್ಲಿಯಾಗಿ ನುಡಿ ಕೊಡುತ್ತವೆ. ಬೆಳೆ ತಿನ್ನುವ ಹಂದಿಯನ್ನು ಹೊಡೆಯುವ ಕೈಯೇ ಪಂಜುರ್ಲಿಗೆ ಮುಗಿಯುತ್ತದೆ. ಇದನ್ನು ವಿರೋಧಾಭಾಸವೆಂದು ಬರೆದ ಲೇಖನಗಳನ್ನು ನೋಡಿದ್ದೇನೆ. ಆತಕೂರಿನ ಶಾಸನವನ್ನು ಓದಿದವರಿಗೆ ಇದು ವಿರೋಧಾಭಾಸವಾಗಿ ಕಾಣದು.

ಮೀನಿನ ವಿಷಯ ನನ್ನ ವಾದಕ್ಕೆ ಸುಲಭವಾಗಿ ಒಗ್ಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಸೊರಬ, ಸಾಗರ, ಸಿದ್ಧಾಪುರದ ಸೀಮೆಗಳಲ್ಲಿ ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ನಡೆಯುವ ಸಾಮೂಹಿಕ ಮೀನುಗಾರಿಕೆಗೆ ‘ಕೆರೆಬೇಟೆ’ ಎಂದೇ ಹೆಸರು. 2024ರಲ್ಲಿ ಇದೇ ಹೆಸರಿನ ಚಲನಚಿತ್ರ ಬಂದ ಮೇಲೆ ಹೊರಗಿನವರಿಗೂ ಈ ಪದ ಪರಿಚಯವಾಯಿತು. ನಿಗದಿಯಾದ ದಿನ ಸುತ್ತಣ ಊರಿನವರು ಕೂಣಿ ಹಿಡಿದು ದಂಡೆಯ ಮೇಲೆ ನಿಲ್ಲುತ್ತಾರೆ. ಬಿದಿರ ಕಡ್ಡಿಗಳಿಂದ ಹೆಣೆದ, ಮೇಲೆ ಕಿರಿದಾಗಿ ಕೆಳಗೆ ಅಗಲವಾದ, ತಳವಿಲ್ಲದ ಬುಟ್ಟಿಯೇ ಕೂ‌ಣಿ. ಸೂಚನೆ ಸಿಕ್ಕೊಡನೆ ಎಲ್ಲರೂ ಒಮ್ಮೆಗೇ ಕೆರೆಗೆ ನುಗ್ಗಿ, ಕೂಣಿಯನ್ನು ಕೆಸರಿಗೆ ಊರಿ, ಮೇಲಿನ ಬಾಯಿಯಿಂದ ಕೈಯಿಳಿಸಿ ಮೀನು ಹಿಡಿಯುತ್ತಾರೆ. ಹಿಡಿದದ್ದು ಹಿಡಿದವನದೇ, ಪಾಲಿಲ್ಲ. ಆದರೆ ಯಾರೂ ಮೊದಲು ಇಳಿಯುವಂತಿಲ್ಲ. ಇಲ್ಲಿ ಹಂಚಿಕೆಯಾಗುವುದು ಮೀನಲ್ಲ, ಆ ಗಳಿಗೆ. ಕೆಸರಿನಲ್ಲಿ ಮಿಂದು ಎದ್ದ ಮೇಲೆ ಯಾರ ಕೂಣಿಗೆ ಏನು ಬಿತ್ತು ಎಂಬ ಮಾತು ಮುಂದಿನ ಬೇಸಿಗೆಯವರೆಗೂ ನಡೆಯುತ್ತದೆ.

ಇದರ ಎದುರಿಗೆ ಕಬಿನಿಯ ದಾಖಲೆಯನ್ನು ಇಡಬಹುದು. 1946ರ ಮಾರ್ಚ್ 22ರಂದು ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ದೊಡ್ಡ ಬೇಟೆಗಳ ಚರ್ಮ ಹದಮಾಡಿ ಜೀವಂತವೆನಿಸುವಂತೆ ನಿಲ್ಲಿಸುವ ಕೆಲಸಕ್ಕೆ ಹೆಸರಾದ ಕುಟುಂಬವದು. ದಾಖಲೆಯ ಸಾಲು ಹೇಳುವುದು ತೂಕ, ನದಿ, ದಿನ ಹಾಗೂ ಹಿಡಿದವನ ಹೆಸರನ್ನು. ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್‌ಗೆ ವಿಜ್ಞಾನಿಗಳು ಖಚಿತವಾದ ಹೆಸರನ್ನು ಗೊತ್ತುಮಾಡಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ತೀರಾ ಅಂಚಿಗೆ ಬಂದಿತ್ತು. ತೂಕ ತಿಳಿದು ಎಪ್ಪತ್ತೆರಡು ವರ್ಷಗಳ ನಂತರ ಹೆಸರು ತಿಳಿಯಿತು.

ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತು. ಆ ಕಾಯ್ದೆ ಅಗತ್ಯವಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದಿಲ್ಲದಿದ್ದರೆ ಇಂದು ಬಂಡೀಪುರದಲ್ಲಿ ಹುಲಿಯ ಹೆಜ್ಜೆ ಹುಡುಕಬೇಕಾಗುತ್ತಿತ್ತು. ಆದರೆ ಅದು ಬೇಟೆಯನ್ನಷ್ಟೇ ಅಲ್ಲ, ಬೇಟೆಯ ಮಾತಿನ ವ್ಯಾಕರಣವನ್ನೂ ಬದಲಾಯಿಸಿತು. ಇದನ್ನು ನಾನು ಕ್ಷೇತ್ರಕಾರ್ಯದಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಹಳು ನುಗ್ಗಿದ ಭಾಗವನ್ನು ಹೇಳುವಾಗ ಮಾತುಗಾರ ‘ನಾವು’ ಎನ್ನುತ್ತಾನೆ. ನಾಯಿ ತಡೆದದ್ದನ್ನು ಹೇಳುವಾಗ ನಾಯಿಯ ಹೆಸರು, ಬಣ್ಣ, ತಾಯಿಯ ಹೆಸರು ಎಲ್ಲವೂ ಬರುತ್ತದೆ. ಗುಂಡಿನ ಸರದಿ ಬಂದಾಗ ಮಾತ್ರ ‘ಒಂದು ಈಡು ಬಿತ್ತು’ ಎಂದುಬಿಡುತ್ತಾನೆ. ಕರ್ತೃ ಮಾಯ. ಇಲ್ಲವೇ ಕರ್ತೃಸ್ಥಾನಕ್ಕೆ ತೀರಿಹೋದ ಅಜ್ಜ ಬಂದು ಕೂರುತ್ತಾನೆ. ಆಮೇಲೆ ಪಾಲಿನ ಲೆಕ್ಕ ಮೊದಲಿನಷ್ಟೇ ವಿವರವಾಗಿ ಮುಂದುವರಿಯುತ್ತದೆ. ತಲೆ ಮತ್ತು ತೊಡೆ ಯಾರ ಮನೆಗೆ ಹೋಯಿತು ಎಂದು ಹೇಳಿದ ಮೇಲೆ ಹೊಡೆದವನು ಯಾರೆಂದು ಕೇಳಬೇಕಾದ ಅಗತ್ಯವೇ ಇರುವುದಿಲ್ಲ. ಕಾನೂನಿಗೆ ಸಿಗದ ಹೆಸರು ಪಾಲಿನಲ್ಲಿ ಸಿಗುತ್ತದೆ. ಮಾತುಗಾರನಿಗೆ ಇದು ಗೊತ್ತು. ಕೇಳುವವನಿಗೂ ಗೊತ್ತು ಎಂಬುದು ಅವನಿಗೆ ಗೊತ್ತು.

ಜಾಡು ಬಲ್ಲವರ ಗತಿ ಇನ್ನೊಂದು ಬಗೆ. ಕಾಡಿನೊಳಗಿನ ಹಾಡಿಗಳಿಂದ ಹೊರಬಂದವರಲ್ಲಿ ಹಲವರು ಅದೇ ಕಾಡಿಗೆ ಕಾವಲಿನ ದಿನಗೂಲಿಗಳಾಗಿ ಮರಳಿದರು. ಹುಲಿ ಗಣತಿಯಲ್ಲಿ ಮುಂದೆ ನಡೆದು ಹೆಜ್ಜೆ ತೋರಿಸುವವರು ಅವರೇ. ವರದಿಯಲ್ಲಿ ಇರುವುದು ಸಂಖ್ಯೆ. ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶವಾದ 2011ರಲ್ಲಿಯೇ ಅಲ್ಲಿನ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕುಗಳಿಗೂ ಮನ್ನಣೆ ದೊರೆಯಿತು. ಹುಲಿ ಮೀಸಲಿನೊಳಗೆ ಅಂಥ ಮನ್ನಣೆ ದೊರೆತದ್ದು ಸಣ್ಣ ಸಂಗತಿಯಲ್ಲ. ಆ ಹಕ್ಕುಪತ್ರವನ್ನು ನಾನು ಪಾಲಿನ ಪತ್ರವೆಂದೇ ಓದುತ್ತೇನೆ.

ನಮ್ಮ ಶಿಸ್ತು ಈ ವಿಷಯದಲ್ಲಿ ನಿರ್ದೋಷಿಯಲ್ಲ. ಬೇಟೆಗೆ ಹೊರಡುವ ಮುನ್ನ ಹೇಳುವ ಪದ, ಹುಲಿ ಕೊಂದ ವೀರನ ಲಾವಣಿ, ಬೇಡರ ಕುಣಿತ ಇವನ್ನೆಲ್ಲ ಸಂಗ್ರಹಿಸಿದ್ದೇವೆ. ಹಾಡಾಗಿರುವುದನ್ನು ಮಾತ್ರ ಸಾಹಿತ್ಯವೆಂದುಕೊಂಡು, ಪಾಲು ಹಾಕುವ ಜಾಗದಲ್ಲಿ ನಡೆಯುತ್ತಿದ್ದ ಮಾತನ್ನು ಹಾಗೆಯೇ ಬಿಟ್ಟಿದ್ದೇವೆ. ಇದನ್ನು ಇತರರ ಮೇಲೆ ಹೊರಿಸಲು ನನಗೆ ಹಕ್ಕಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಸಂಶೋಧನೆಯ ದಿನಗಳಲ್ಲಿ, ಮಲೆನಾಡಿನ ಒಂದು ಹಳ್ಳಿಯಲ್ಲಿ ವೃದ್ಧರೊಬ್ಬರಿಂದ ಬೇಟೆಯ ಪದಗಳನ್ನು ಧ್ವನಿಮುದ್ರಿಸಿಕೊಂಡೆ. ಪದ ಮುಗಿದ ಮೇಲೆ ಅವರು ಒಂದು ಹಂದಿಬೇಟೆಯ ಕಥೆಯನ್ನು ಎತ್ತಿಕೊಂಡರು. ಕ್ಯಾಸೆಟ್ಟಿನ ಒಂದು ಬದಿ ಮುಗಿಯುತ್ತ ಬಂದಿತ್ತು. ಉಳಿದುದನ್ನು ಮರುದಿನದ ಹಾಡುಗಾರ್ತಿಗಾಗಿ ಕಾದಿಡಬೇಕೆಂದು ಯಂತ್ರವನ್ನು ನಿಲ್ಲಿಸಿದೆ. ಅವರದನ್ನು ಗಮನಿಸಿದರೋ ಇಲ್ಲವೋ, ಕಥೆಯನ್ನು ನಿಲ್ಲಿಸಲಿಲ್ಲ. ನಾನು ಸೌಜನ್ಯಕ್ಕೆಂಬಂತೆ ಟಿಪ್ಪಣಿ ಪುಸ್ತಕದಲ್ಲಿ ಕೆಲವು ಸಾಲು ಗೀಚಿಕೊಂಡೆ.

ಪ್ರಬಂಧದಲ್ಲಿ ಪದಗಳು ಅನುಬಂಧವಾಗಿ ಸೇರಿದವು. ಕಥೆ ಸೇರಲಿಲ್ಲ. ಎರಡು ವರ್ಷಗಳ ನಂತರ ಆ ಹಳ್ಳಿಗೆ ಮತ್ತೆ ಹೋದಾಗ ಅವರು ಇರಲಿಲ್ಲ. ಮನೆಯವರು ಕಾಫಿ ಕೊಟ್ಟರು. ಬೇಟೆಯ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಈ ಲೇಖನಕ್ಕಾಗಿ ಆ ಪುಸ್ತಕವನ್ನು ಹುಡುಕಿ ತೆಗೆದು ನೋಡಿದೆ. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಇಷ್ಟು: ಈಡಿಗೆ ಎರಡು, ಕೋವಿಗೆ ಒಂದು, ಹಳುವಿನವರಿಗೆ ಒಂಬತ್ತು, ಹೊಟ್ಟೆ ಸೀಳಿಸಿಕೊಂಡ ನಾಯಿಗೆ ಒಂದು, ಅದು ಸತ್ತ ಮೇಲೂ. ಆ ಪಾಲನ್ನು ಯಾರಿಗೆ ಕೊಟ್ಟರು ಎಂದು ಬರೆದುಕೊಂಡಿಲ್ಲ. ನಾಯಿಯ ಹೆಸರನ್ನು ಅವರು ಹೇಳಿದ್ದರು.